ಸೊಳ್ಳೆಗೂ ಮನುಷ್ಯರಿಗೂ ಒಂದೇ ಪದವೇ? ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಹಾಗೂ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರಗಳು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ (ಕುಡುಗೋಲು ಕಣದ ರಕ್ತಹೀನತೆ) ನಿರ್ಮೂಲನಾ ಅಭಿಯಾನಕ್ಕೆ ಸೇರಿದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ರಕ್ತವನ್ನು ತಪಾಸಣೆ ಮಾಡುವುದು, 2047ರ ಹೊತ್ತಿಗೆ ಈ ಕಾಯಿಲೆ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ನೋಡಿಕೊಳ್ಳುವುದು ಅದರ ಗುರಿ. ಆ ಕೆಲಸಕ್ಕಾಗಿ ನಿಮ್ಮ ಸಿಬ್ಬಂದಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಬುಡಕಟ್ಟು ಜನರ ಹಾಡಿಗಳಿಗೂ ಪೋಡುಗಳಿಗೂ ಹೋಗುತ್ತಿದ್ದಾರೆ. ಆನೆ ದಾಟುವ ಹಾದಿಯಲ್ಲಿ ಪರೀಕ್ಷಾ ಕಿಟ್ಟು ಹೊತ್ತು ನಡೆಯುವ ಆಶಾ ಕಾರ್ಯಕರ್ತೆಯರ ಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಪತ್ರ ಅವರ ವಿರುದ್ಧವೂ ಅಲ್ಲ, ಅಭಿಯಾನದ ವಿರುದ್ಧವೂ ಅಲ್ಲ. ರಕ್ತ ಪಡೆದ ಮೇಲೆ ಜನರಿಗೆ ಮರಳಿ ಹೇಳುವ ಮಾತಿನಲ್ಲಿ ಒಂದು ಪದ ತಪ್ಪಿದೆ, ಒಂದು ಕಥೆ ಬಿಟ್ಟುಹೋಗಿದೆ, ಒಂದು ಪರೀಕ್ಷೆಯ ಅವಕಾಶ ಕೈತಪ್ಪುತ್ತಿದೆ ಎಂದು ತಿಳಿಸುವುದಷ್ಟೇ ನನ್ನ ಉದ್ದೇಶ.

ನಾನು ಮೂವತ್ತು ವರ್ಷ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ಪರಿಚಯದ ಸ್ವಯಂಸೇವಕರೊಂದಿಗೆ ಕಬಿನಿಯ ಹಿನ್ನೀರಿನ ಕಡೆಯ ಒಂದು ಹಾಡಿಗೆ ಹೋಗಿದ್ದಾಗ ತಾಯಿಯೊಬ್ಬರು ತಮ್ಮ ಮಗಳ ತಪಾಸಣೆಯ ಚೀಟಿಯನ್ನು ನನ್ನ ಮುಂದೆ ಹಿಡಿದರು. ಹುಡುಗಿ 'ವಾಹಕ' ಎಂದು ಅವರಿಗೆ ತಿಳಿಸಲಾಗಿತ್ತು. ಅವರ ಪ್ರಶ್ನೆ ಒಂದೇ: ಶಾಲೆಯ ಗೋಡೆಯ ಮೇಲಿನ ಚಿತ್ರದಲ್ಲಿ ಸೊಳ್ಳೆಯ ಕೆಳಗೂ ಇದೇ ಮಾತು ಬರೆದಿದೆಯಂತೆ, ಹಾಗಾದರೆ ನನ್ನ ಮಗಳು ಪಕ್ಕದಲ್ಲಿ ಮಲಗುವ ತಮ್ಮನಿಗೂ ರೋಗ ಹಚ್ಚುತ್ತಾಳೆಯೇ? ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉತ್ತರ ಗೊತ್ತಿಲ್ಲದ್ದು ಕಾರಣವಲ್ಲ. ಅಷ್ಟು ವರ್ಷ ಬೆಳಗಿನ ತರಗತಿಯಲ್ಲಿ ಅನಾಫಿಲಿಸ್ ಸೊಳ್ಳೆಯನ್ನು ಮಲೇರಿಯಾದ ವಾಹಕವೆಂದೂ, ಮಧ್ಯಾಹ್ನದ ತರಗತಿಯಲ್ಲಿ ತಂದೆತಾಯಿಯಿಂದ ಒಂದು ಬದಲಾದ ವಂಶವಾಹಿಯನ್ನು ಪಡೆದ ಮನುಷ್ಯನನ್ನು ರೋಗದ ವಾಹಕನೆಂದೂ ಬರೆಸಿದ ನನಗೆ, ಅವೆರಡೂ ಕಪ್ಪುಹಲಗೆಯ ಮೇಲೆ ಒಂದೇ ಪದವಾಗಿದ್ದವೆಂಬುದು ಆ ಕ್ಷಣದವರೆಗೂ ಕಂಡಿರಲಿಲ್ಲ.

ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿವೆ. ಕನ್ನಡದಲ್ಲಿ ನಾವು ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೇವೆ. ವಂಶವಾಹಿ ಎಂಬ ಪದದಲ್ಲಿಯೂ ಹೊರುವ ಮಾತಿದೆ ನಿಜ, ಆದರೆ ಅಲ್ಲಿ ಹೊರುವುದು ವಂಶವನ್ನು. ರೋಗವಾಹಕ ಎಂದಾಗ ಹೊರುವುದು ರೋಗವನ್ನು, ಹೊತ್ತು ಇನ್ನೊಬ್ಬರ ಮೇಲೆ ಇಳಿಸುವುದೂ ಅದನ್ನೇ. ಇದು ಬರೀ ಭಾಷೆಯ ತಕರಾರಾಗಿದ್ದರೆ ನಿಮ್ಮ ಸಮಯ ಹಾಳುಮಾಡುತ್ತಿರಲಿಲ್ಲ. ಆದರೆ ಇದರಲ್ಲಿ ಒಂದು ಕ್ರೂರ ವ್ಯಂಗ್ಯವಿದೆ: ಆ ಹುಡುಗಿಯ ರಕ್ತದಲ್ಲಿರುವ ಬದಲಾವಣೆ ಇಂದಿಗೂ ಉಳಿದುಬಂದಿರುವುದು, ಅದು ಅವಳ ಪೂರ್ವಿಕರನ್ನು ಸೊಳ್ಳೆ ತಂದ ಸಾವಿನಿಂದ ಕಾಪಾಡಿದ್ದಕ್ಕಾಗಿ. ಸೊಳ್ಳೆಯ ಎದುರಾಳಿಗೆ ನಾವು ಸೊಳ್ಳೆಯ ಹೆಸರಿಟ್ಟಿದ್ದೇವೆ.

ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹಾಡಿಯಲ್ಲಿ ಹೇಳಬೇಕಾದದ್ದೂ ಅದೇ. ನಮ್ಮ ಕೆಂಪು ರಕ್ತಕಣಗಳಲ್ಲಿ ಆಮ್ಲಜನಕವನ್ನು ಸಾಗಿಸುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡಿರುತ್ತವೆ. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಕೂತರೆ ಅದು ಕುಡುಗೋಲು ಹಿಮೋಗ್ಲೋಬಿನ್. 1950ರ ದಶಕದ ಮಧ್ಯದಲ್ಲಿ ಕೇಂಬ್ರಿಡ್ಜಿನಲ್ಲಿ ವರ್ನನ್ ಇನ್‌ಗ್ರಮ್ ಇದನ್ನು ಕಂಡುಹಿಡಿದರು. ಹನ್ನೊಂದನೆಯ ವರ್ಣತಂತುವಿನ ಮೇಲಿರುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದು ಇದರ ಮೂಲ. ತರಗತಿಯಲ್ಲಿ ನಾನು 'ಹಾಲು' ಎಂದು ಬರೆದು, 'ಲು' ಅಳಿಸಿ 'ಳು' ಮಾಡಿ, ನೋಡಿ ಒಂದಕ್ಷರಕ್ಕೆ ಹಾಲು ಹಾಳಾಯಿತು ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಉದಾಹರಣೆ ಚೆನ್ನಾಗಿತ್ತು, ಆದರೆ ಅರ್ಧಸತ್ಯವಾಗಿತ್ತು.

ಉಳಿದರ್ಧ ಆಫ್ರಿಕಾದಿಂದ ಬಂತು. ಕೀನ್ಯಾದಲ್ಲಿ ಬೆಳೆದ ಆಂಥೊನಿ ಆಲಿಸನ್ ಎಂಬ ಯುವ ಸಂಶೋಧಕ 1949ರಲ್ಲಿ ಅಲ್ಲಿನ ಬುಡಕಟ್ಟುಗಳ ರಕ್ತ ಪರೀಕ್ಷಿಸುತ್ತ ಒಂದು ವಿಚಿತ್ರವನ್ನು ಗಮನಿಸಿದರು. ಕಡಲ ತೀರದಲ್ಲಿಯೂ ವಿಕ್ಟೋರಿಯಾ ಸರೋವರದ ಸುತ್ತಲೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕುಡುಗೋಲು ಹಿಮೋಗ್ಲೋಬಿನ್ನಿನ ಒಂದು ಪಾಲು, ಅಂದರೆ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದ ಬದಲಾದ ವಂಶವಾಹಿ, ಇತ್ತು. ತಂಪಾದ ಎತ್ತರದ ಸೀಮೆಯಲ್ಲಿ ಅದು ಅಪರೂಪವಾಗಿತ್ತು. ಎರಡೂ ಪಾಲು ಪಡೆದ ಮಕ್ಕಳು ಆ ಕಾಲದಲ್ಲಿ ಬಹುತೇಕ ಬಾಲ್ಯದಲ್ಲೇ ಸಾಯುತ್ತಿದ್ದರು. ಸಾವು ಹೀಗೆ ತಲೆಮಾರಿಗೊಮ್ಮೆ ಕಿತ್ತುಹಾಕುತ್ತಿದ್ದರೂ ಆ ವಂಶವಾಹಿ ಏಕೆ ಕರಗಲಿಲ್ಲ? ಎಲ್ಲಿ ಅದು ಹೆಚ್ಚಾಗಿತ್ತೋ ಅಲ್ಲಿ ಮಲೇರಿಯಾವೂ ಹೆಚ್ಚಾಗಿತ್ತು. ಆಲಿಸನ್ ಉಗಾಂಡದ ಕಂಪಾಲಾ ಸುತ್ತಲಿನ 290 ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಒಂದು ಪಾಲು ಪಡೆದ 43 ಮಕ್ಕಳಲ್ಲಿ 12 ಮಂದಿಯಲ್ಲಿ ಮಾತ್ರ ಮಲೇರಿಯಾ ಪರಾವಲಂಬಿ ಕಂಡಿತು. ಉಳಿದ 247 ಮಕ್ಕಳಲ್ಲಿ 113 ಮಂದಿಯಲ್ಲಿ ಕಂಡಿತು. 1954ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದೇ ಪ್ರಬಂಧದಲ್ಲಿ ಮೂವತ್ತು ವಯಸ್ಕರಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ನೋಡಿದ ಪ್ರಯೋಗವೂ ಇದೆ. ಆ ಫಲಿತಾಂಶವೂ ಅವರ ಊಹೆಯ ಪರವಾಗಿಯೇ ಇತ್ತು, ಆದರೆ ಅಂಥ ಪ್ರಯೋಗಕ್ಕೆ ಇಂದು ಯಾವ ನೀತಿ ಸಮಿತಿಯೂ ಸುಲಭವಾಗಿ ಒಪ್ಪಿಗೆ ಕೊಡಲಾರದು. ಬಡವರ ರಕ್ತದಿಂದ ವಿಜ್ಞಾನ ಕಲಿತದ್ದನ್ನು ಬಡವರಿಗೆ ಮರಳಿ ಹೇಳುವ ಋಣ ಆಗಿನಿಂದಲೇ ಬಾಕಿ ಇದೆ ಎಂದು ನನಗೆ ಅನ್ನಿಸುವುದುಂಟು.

ನಂತರ ಆಫ್ರಿಕಾದ ಹಲವು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನಗಳು ಒಂದೇ ಮಾತನ್ನು ಹೇಳಿವೆ: ಕುಡುಗೋಲು ವಂಶವಾಹಿಯ ಒಂದು ಪಾಲು ಇರುವ ಮಗುವಿಗೆ ಫಾಲ್ಸಿಪಾರಂ ಎಂಬ ಬಗೆಯ ಪ್ರಾಣಾಂತಿಕ ಮಲೇರಿಯಾ ಬರುವ ಸಂಭವ ಉಳಿದವರಿಗಿಂತ ಸುಮಾರು ಶೇ. 90ರಷ್ಟು ಕಡಿಮೆ. ಪರಾವಲಂಬಿ ಕೆಂಪುಕಣದೊಳಗೆ ಹೊಕ್ಕು 48 ಗಂಟೆಗಳಲ್ಲಿ ಬೆಳೆದು ಒಡೆಯಬೇಕು. ಬಲಿತ ಪರಾವಲಂಬಿಯಿರುವ ಕಣ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತದೆ. ಮಿದುಳಿನ ನಾಳಗಳಲ್ಲಿ ಹೀಗೆ ಅಂಟಿ ದಟ್ಟೈಸಿದಾಗಲೇ ಮಗುವಿಗೆ ಪ್ರಜ್ಞೆ ತಪ್ಪುವುದು. ಆ ಸಣ್ಣ ನಾಳಗಳಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಕುಡುಗೋಲು ಹಿಮೋಗ್ಲೋಬಿನ್ ಗರಣೆಗಟ್ಟಿ ಪರಾವಲಂಬಿಯ ಬೆಳವಣಿಗೆಯನ್ನು ತಡೆಯುತ್ತದೆ, ಕಣದ ಮೈಮೇಲಿನ ಅಂಟುವ ಗುಬಟುಗಳು ಸರಿಯಾಗಿ ಮೂಡುವುದಿಲ್ಲ, ಬಾಗಿದ ಕಣವನ್ನು ಗುಲ್ಮ (ಸ್ಪ್ಲೀನ್) ಗುರುತಿಸಿ ಹೆಕ್ಕಿ ಹಾಕುತ್ತದೆ. ನಮ್ಮ ಮಲೆನಾಡಿನ ಹಿರಿಯರು ಚಳಿಜ್ವರದಿಂದ ಊದಿದ ಗುಲ್ಮವನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಈ ಯುದ್ಧ ದೇಹದಲ್ಲಿ ಎಲ್ಲಿ ನಡೆಯುತ್ತದೆ ಎಂಬುದನ್ನು ಅವರು ಹೊಟ್ಟೆ ಮುಟ್ಟಿ ಬಲ್ಲವರಾಗಿದ್ದರು.

ಇದು ದೂರದ ಆಫ್ರಿಕಾದ ಕಥೆ ಮಾತ್ರವಲ್ಲ. ಆಲಿಸನ್ನರ ಪ್ರಬಂಧಕ್ಕೆ ಎರಡು ವರ್ಷ ಮೊದಲು, 1952ರಲ್ಲಿ, ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನಮ್ಮ ಚಾಮರಾಜನಗರದ ಗಡಿಗೆ ತಾಗಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡುಗೋಲು ಕಣವನ್ನು ಗುರುತಿಸಿದರು. ಅದೇ ವರ್ಷ ಮೇಲಿನ ಅಸ್ಸಾಮಿನ ಚಹಾ ತೋಟಗಳ ಕೂಲಿಕಾರರಲ್ಲಿಯೂ ಅದು ಪತ್ತೆಯಾಯಿತು. ಆಮೇಲೆ ಮಧ್ಯ ಭಾರತ, ಒಡಿಶಾ, ಗುಜರಾತ್, ವಯನಾಡು, ಕೊಡಗು, ಬಿಳಿಗಿರಿರಂಗನ ಬೆಟ್ಟಗಳ ಸರದಿ ಬಂತು. ಸೋಲಿಗ, ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳಲ್ಲಿ ಇದು ಹೆಚ್ಚಾಗಿ ಕಾಣುವುದಕ್ಕೆ ಅವರ ರಕ್ತ ಕೀಳೆಂಬುದು ಕಾರಣವಲ್ಲ. ಅವರ ಹಿರಿಯರು ಬದುಕಿದ ಕಾಡಿನಂಚು, ಬೆಟ್ಟದ ತೊರೆಗಳ ತಿಳಿನೀರಿನಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಯ ಸೀಮೆ. ಹೊರಗಿನವರು ಒಂದು ಮಳೆಗಾಲ ಅಲ್ಲಿ ಉಳಿಯಲು ಹೆದರುತ್ತಿದ್ದ ಕಾಲವೊಂದಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿಡಿಟಿ ಸಿಂಪಡಿಸಿದ ಮೇಲಷ್ಟೇ ಬಯಲಿನವರು ಆ ಕಡೆ ಧೈರ್ಯವಾಗಿ ಜಮೀನು ಮಾಡಿದರು. ಅದಕ್ಕೂ ಮೊದಲು, ಔಷಧವೂ ಸೊಳ್ಳೆಪರದೆಯೂ ಇಲ್ಲದ ನೂರಾರು ತಲೆಮಾರು ಅಲ್ಲಿ ಉಳಿದವರು ಉಳಿದದ್ದರಲ್ಲಿ ಈ ಒಂದಕ್ಷರದ ಪಾಲೂ ಇದೆ. ಸೊಳ್ಳೆ ಕಡಿಮೆಯಾದ ಮೇಲೂ ವಂಶವಾಹಿ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಎಪ್ಪತ್ತು ವರ್ಷವೆಂದರೆ ಮೂರು ತಲೆಮಾರು, ನಿಸರ್ಗದ ಆಯ್ಕೆಯ ಲೆಕ್ಕದಲ್ಲಿ ಕಣ್ಣು ಮಿಟುಕಿಸಿದಷ್ಟು ಹೊತ್ತು.

ಮತ್ತೆ, ಮಲೇರಿಯಾ ಹೀಗೆ ತಿದ್ದಿದ್ದು ಅರಣ್ಯವಾಸಿಗಳ ರಕ್ತವನ್ನಷ್ಟೇ ಅಲ್ಲ. ಮೆಡಿಟರೇನಿಯನ್ ಸುತ್ತಲಿನವರಲ್ಲಿ ಥಲಸ್ಸೀಮಿಯಾ ಎಂಬ ಇನ್ನೊಂದು ವಂಶಪಾರಂಪರ್ಯದ ರಕ್ತದ ಕಾಯಿಲೆ ಏಕೆ ಅಷ್ಟು ಹರಡಿದೆ ಎಂಬುದಕ್ಕೆ ಮಲೇರಿಯಾವೇ ಉತ್ತರವಿರಬಹುದೆಂದು ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1949ರಲ್ಲಿಯೇ ಸೂಚಿಸಿದ್ದರು. ಅವರು ಮುಂದೆ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮ ನಗರಗಳ ಸಿಂಧಿ, ಪಂಜಾಬಿ ಕುಟುಂಬಗಳಲ್ಲಿ ಕಾಣುವ ಬೀಟಾ ಥಲಸ್ಸೀಮಿಯಾ, ಈಶಾನ್ಯ ರಾಜ್ಯಗಳಲ್ಲಿ ಬಹಳ ಸಾಮಾನ್ಯವಾದ ಹಿಮೋಗ್ಲೋಬಿನ್ ಇ, ಪಶ್ಚಿಮ ಆಫ್ರಿಕಾದವರ ಕೆಂಪುಕಣದ ಮೇಲೆ ಡಫಿ ಎಂಬ ಗುರುತು ಇಲ್ಲದಿರುವುದರಿಂದ ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾಕ್ಕೆ ಸುಲಭದ ಬಾಗಿಲು ಸಿಗದಿರುವುದು, ಇವೆಲ್ಲ ಒಂದೇ ಮನೆತನದ ಮಾತುಗಳು. ಶ್ರೀಮಂತ ಕುಟುಂಬದ ಥಲಸ್ಸೀಮಿಯಾ ತಪಾಸಣೆಯಾದರೆ ಅದನ್ನು ಆಪ್ತ ಸಲಹೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳುತ್ತೇವೆ. ಹಾಡಿಯಲ್ಲಾದರೆ ಅಂಗನವಾಡಿಯ ಜಗಲಿಯಲ್ಲಿ ಹೆಸರು ಕೂಗಿ ಹೇಳುತ್ತೇವೆ. ಈ ವ್ಯತ್ಯಾಸಕ್ಕೆ ಜೀವಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.

ಹೇಳುವ ರೀತಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗ್ರೀಸಿನ ಒರ್ಕೊಮೆನೋಸ್ ಎಂಬ ಊರು ಸಾಕ್ಷಿ. ಅದು ಹಿಂದೆ ಮಲೇರಿಯಾಕ್ಕೆ ಹೆಸರಾಗಿದ್ದ ಕೊಪೈಸ್ ಎಂಬ ಜೌಗು ಸರೋವರದ ದಡದ ಊರು. ಸರೋವರ ಬತ್ತಿಸಿದ ಮೇಲೂ ಅಲ್ಲಿನ ಸರಿಸುಮಾರು ಐವರಲ್ಲಿ ಒಬ್ಬರ ರಕ್ತದಲ್ಲಿ ಕುಡುಗೋಲು ವಂಶವಾಹಿಯ ಒಂದು ಪಾಲು ಉಳಿದಿತ್ತು. ಅಲ್ಲಿ ಎಲ್ಲರ ರಕ್ತ ಪರೀಕ್ಷಿಸಿ, ಒಂದೊಂದು ಪಾಲು ಇರುವ ಇಬ್ಬರು ಮದುವೆಯಾಗದಂತೆ ತಿಳಿಹೇಳಲಾಯಿತು. ಕೆಲವು ವರ್ಷಗಳ ನಂತರ, 1970ರ ದಶಕದ ಆರಂಭದಲ್ಲಿ, ಸಂಶೋಧಕರು ಮತ್ತೆ ಹೋಗಿ ನೋಡಿದರೆ, ಅಂಥ ಮದುವೆಗಳು ತಪಾಸಣೆಯೇ ಆಗಿರದಿದ್ದರೆ ಎಷ್ಟು ಆಗುತ್ತಿದ್ದವೋ ಹೆಚ್ಚುಕಡಿಮೆ ಅಷ್ಟೇ ಆಗಿದ್ದವು. ಒಂದು ಪಾಲು ಇದೆಯೆಂದು ತಿಳಿದರೆ ಸಂಬಂಧ ಮುರಿಯುತ್ತದೆಂದು ಜನ ಫಲಿತಾಂಶವನ್ನು ಮುಚ್ಚಿಟ್ಟಿದ್ದರು. ಊರಿಗೆ ಬಂದದ್ದು ಅರಿವಲ್ಲ, ಕಳಂಕ. ಅಮೆರಿಕದಲ್ಲಿಯೂ 1970ರ ದಶಕದಲ್ಲಿ ಕೆಲವು ರಾಜ್ಯಗಳು ಕರಿಯ ಜನರಿಗೆ ಈ ತಪಾಸಣೆಯನ್ನು ಕಡ್ಡಾಯ ಮಾಡಿದವು. ಆರೋಗ್ಯವಾಗಿದ್ದ ಎಷ್ಟೋ ಮಂದಿ ವಿಮೆ ಮತ್ತು ಉದ್ಯೋಗ ಕಳೆದುಕೊಂಡರು. ಅಲ್ಲಿನ ವಾಯುಪಡೆಯ ಅಕಾಡೆಮಿ ಒಂದು ಪಾಲು ಇದ್ದವರನ್ನು ಸೇರಿಸಿಕೊಳ್ಳಲು 1981ರವರೆಗೆ ಒಪ್ಪಲಿಲ್ಲ.

ನಮ್ಮ ಅಭಿಯಾನದ ಕಾರ್ಡುಗಳ ಹಿಂದಿನ ಯೋಚನೆ, ಅಂದರೆ ಮದುವೆಗೆ ಮೊದಲು ಗಂಡು ಹೆಣ್ಣಿನ ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಹುಟ್ಟುವ ಮಕ್ಕಳ ಸಂಭವವನ್ನು ತಿಳಿಯುವುದು, ಕಾಗದದ ಮೇಲೆ ಚೊಕ್ಕವಾಗಿದೆ. ಒಂದೊಂದು ಪಾಲು ಇರುವ ಇಬ್ಬರು ಕೂಡಿದರೆ ಪ್ರತಿ ಗರ್ಭದಲ್ಲಿಯೂ ಎರಡೂ ಪಾಲು ಪಡೆದ ಮಗು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು, ಎಂಬುದು ಜನರಿಗೆ ತಿಳಿಯಲೇಬೇಕಾದ ಸಂಗತಿ. ಆದರೆ ಹತ್ತಿಪ್ಪತ್ತು ಮನೆಗಳ ಹಾಡಿಯಲ್ಲಿ, ಕುಲದ ಕಟ್ಟಳೆಯೊಳಗೆ, ವರನನ್ನು ಹುಡುಕುವ ಕುಟುಂಬಕ್ಕೆ ಆ ಕಾರ್ಡು ಜಾತಕದಂತಲ್ಲ. ಜಾತಕವನ್ನಾದರೂ ಜೋಯಿಸರು ತಿದ್ದಿಕೊಡುತ್ತಾರೆ. ಹೆಣ್ಣಿನ ಕಾರ್ಡನ್ನು ಕೇಳುವವರು ಗಂಡಿನ ಕಾರ್ಡನ್ನು ತೋರಿಸುತ್ತಾರೆಯೇ ಎಂಬುದನ್ನು ನಿಮ್ಮ ಕ್ಷೇತ್ರ ಸಿಬ್ಬಂದಿಯನ್ನೇ ಕೇಳಿ ನೋಡಿ.

ಇಲ್ಲಿ 'ನಿರ್ಮೂಲನೆ' ಎಂಬ ಇನ್ನೊಂದು ಪದದ ಬಗ್ಗೆಯೂ ಹೇಳದಿರಲಾರೆ. ಮಲೇರಿಯಾವನ್ನು ನಿರ್ಮೂಲನೆ ಮಾಡಬಹುದು. 2030ರೊಳಗೆ ಅದು ನಮ್ಮ ದೇಶದ ಘೋಷಿತ ಗುರಿಯೂ ಹೌದು. ಆದರೆ ವಂಶವಾಹಿಯನ್ನು ಮದುವೆಯ ಸಲಹೆಯಿಂದ ನಿರ್ಮೂಲನೆ ಮಾಡಲಾಗದು. ಒಂದು ಪಾಲು ಇರುವವರೆಲ್ಲ ಸಲಹೆಯನ್ನು ಪಾಲಿಸಿ, ಪಾಲು ಇಲ್ಲದವರನ್ನೇ ಮದುವೆಯಾದರೂ ಅವರ ಮಕ್ಕಳಲ್ಲಿ ಅರ್ಧದಷ್ಟು ಜನ ಒಂದು ಪಾಲು ಪಡೆದೇ ಹುಟ್ಟುತ್ತಾರೆ; ಕಾಯಿಲೆಯ ಮಕ್ಕಳು ಹುಟ್ಟುವುದು ನಿಲ್ಲುತ್ತದೆ, ವಂಶವಾಹಿ ಹಾಗೆಯೇ ಉಳಿಯುತ್ತದೆ. ಅಭಿಯಾನದ ದಾಖಲೆ ಬರೆದವರಿಗೆ ಇದು ಗೊತ್ತಿದೆ. ಕಾಡಿನಿಂದ ಒಕ್ಕಲೆಬ್ಬಿಸಿಕೊಂಡ ನೆನಪು ಇನ್ನೂ ಹಸಿಯಾಗಿರುವ ಜನರಿಗೆ ಮಾತ್ರ, ಸರ್ಕಾರ ನಿರ್ಮೂಲನೆ ಎಂದಾಗ ಅದು ಯಾವುದರ ನಿರ್ಮೂಲನೆ ಎಂಬುದು ಸ್ಪಷ್ಟವಾಗುವುದಿಲ್ಲ.

ಆದುದರಿಂದ ನನ್ನ ಮೊದಲ ವಿನಂತಿ: ಮುಂದಿನ ಸುತ್ತಿನ ಕಾರ್ಡು, ಕರಪತ್ರ, ತರಬೇತಿ ಕೈಪಿಡಿಗಳಲ್ಲಿ ಮನುಷ್ಯರಿಗೆ 'ವಾಹಕ', 'ರೋಗವಾಹಕ' ಎಂಬ ಪದಗಳನ್ನು ಬಳಸಬೇಡಿ. ಅವನ್ನು ಸೊಳ್ಳೆಗೆ ಬಿಟ್ಟುಕೊಡಿ. ಒಂದೆಳೆಯ ಸರ, ಎರಡೆಳೆಯ ಸರ ಎನ್ನುವಂತೆ, ತಂದೆ ಅಥವಾ ತಾಯಿಯಿಂದ ಒಂದು ಬದಲಾದ ಎಳೆ ಪಡೆದವರನ್ನು 'ಒಂದೆಳೆಯವರು' ಎಂದೂ, ಇಬ್ಬರಿಂದಲೂ ಪಡೆದು ಚಿಕಿತ್ಸೆ ಬೇಕಾದವರನ್ನು 'ಎರಡೆಳೆಯವರು' ಎಂದೂ ಕರೆದರೆ ಅದರಲ್ಲಿ ಲೆಕ್ಕವಿದೆ, ದೂಷಣೆಯಿಲ್ಲ. ಇದು ನನ್ನ ಸಲಹೆ ಮಾತ್ರ. ಇದಕ್ಕಿಂತ ಒಳ್ಳೆಯ ಮಾತು ಸೋಲಿಗರ ನುಡಿಯಲ್ಲೋ ಜೇನುಕುರುಬರ ನುಡಿಯಲ್ಲೋ ಇರಬಹುದು. ಯಜಮಾನರನ್ನೂ ಓದಿದ ಯುವಕ ಯುವತಿಯರನ್ನೂ ಕೂರಿಸಿ ಕೇಳಿ, ಅವರು ಆರಿಸಿದ್ದನ್ನು ಮುದ್ರಿಸಿ.

ಪದದ ಜೊತೆಗೆ ಕಥೆಯೂ ಬರಲಿ. ನಿಮ್ಮ ಅಜ್ಜ ಅಜ್ಜಿಯರ ರಕ್ತದಲ್ಲಿ ಚಳಿಜ್ವರವನ್ನು ತಾಳಿಕೊಳ್ಳುವ ಒಂದು ಉಪಾಯವಿತ್ತು, ಅದರ ಒಂದೆಳೆ ನಿಮ್ಮಲ್ಲಿದೆ, ಅದು ಅಂಟುರೋಗವಲ್ಲ, ಅದರಿಂದ ನಿಮ್ಮ ದುಡಿಮೆಗೂ ಆಯುಷ್ಯಕ್ಕೂ ಸಾಮಾನ್ಯವಾಗಿ ಕುಂದಿಲ್ಲ ಎಂದು ಹೇಳಲು ಎರಡು ನಿಮಿಷ ಸಾಕು. ಇದರಲ್ಲಿ ಉತ್ಪ್ರೇಕ್ಷೆಯೂ ನುಸುಳಬಾರದು. ಒಂದೆಳೆಯವರಿಗೆ ಮಲೇರಿಯಾ ಬರುವುದೇ ಇಲ್ಲ ಎಂದು ತಪ್ಪು ತಿಳಿದು ಸೊಳ್ಳೆಪರದೆಯನ್ನು ಮಡಿಸಿ ಅಟ್ಟಕ್ಕೆ ಎಸೆದರೆ ಅನಾಹುತವಾದೀತು: ಆ ರಕ್ಷಣೆ ಮುಖ್ಯವಾಗಿ ಫಾಲ್ಸಿಪಾರಂ ಮಲೇರಿಯಾ ವಿಷಮಿಸುವುದರ ವಿರುದ್ಧ, ಸೋಂಕು ಅವರಿಗೂ ತಗುಲುತ್ತದೆ, ವೈವ್ಯಾಕ್ಸ್ ವಿಚಾರದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಎರಡೆಳೆಯ ಮಕ್ಕಳಿಗಂತೂ ರಕ್ಷಣೆಯ ಮಾತೇ ಬೇಡ. ಆರೋಗ್ಯವಂತ ಕೆಂಪುಕಣ 120 ದಿನ ಬಾಳಿದರೆ ಅವರ ಕಣಗಳು ಹತ್ತಿಪ್ಪತ್ತು ದಿನಕ್ಕೆ ಒಡೆಯುತ್ತವೆ, ಗುಲ್ಮ ಬಾಲ್ಯದಲ್ಲೇ ಸೋಲುತ್ತದೆ, ಅಂಥ ದೇಹಕ್ಕೆ ಮಲೇರಿಯಾ ಬಂದರೆ ಇರುವಷ್ಟು ರಕ್ತವೂ ಕರಗಿಹೋಗುತ್ತದೆ. ಆ ಮಕ್ಕಳಿಗೆ ಹೈಡ್ರಾಕ್ಸಿಯೂರಿಯಾ, ಪೆನಿಸಿಲಿನ್, ನ್ಯೂಮೋಕಾಕಲ್ ಲಸಿಕೆ ತಾಲ್ಲೂಕು ಮಟ್ಟದಲ್ಲಿ ತಪ್ಪದೆ ಸಿಗಬೇಕು. ಕಾರ್ಡು ಕೊಟ್ಟು ಮಾತ್ರೆ ಕೊಡದಿದ್ದರೆ ತಪಾಸಣೆಗೆ ಅರ್ಥವೇನು?

ಇನ್ನೊಂದು ತಾಂತ್ರಿಕ ಸಂಗತಿ. ಹಾಡಿಯಲ್ಲಿ ಮಾಡುವ ಸುಲಭದ ಕರಗುವಿಕೆ ಪರೀಕ್ಷೆ ಒಂದೆಳೆಗೂ ಎರಡೆಳೆಗೂ ಒಂದೇ ಬಗೆಯಾಗಿ 'ಇದೆ' ಎನ್ನುತ್ತದೆ. ಯಾವುದು ಎಂಬುದು ಪ್ರಯೋಗಾಲಯದ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಪರೀಕ್ಷೆಯಿಂದಲೇ ತಿಳಿಯಬೇಕು. ಆ ನಡುವಿನ ವಾರಗಳಲ್ಲಿ ಆರೋಗ್ಯವಂತರೂ ತಾವು ರೋಗಿಗಳೆಂದು ನಂಬಿ ಕೊರಗುತ್ತಾರೆ. ದೃಢಪಡುವ ಮೊದಲು ಯಾವ ಹೆಸರನ್ನೂ ಹಚ್ಚದಂತೆ ಲಿಖಿತ ಸೂಚನೆ ಹೋಗಲಿ, ಫಲಿತಾಂಶವನ್ನು ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಹೇಳಲಿ.

ಕೊನೆಯದಾಗಿ ಕೈತಪ್ಪುತ್ತಿರುವ ಆ ಪರೀಕ್ಷೆಯ ಮಾತು. ಮಲೇರಿಯಾ ನಮ್ಮ ರಕ್ತದಲ್ಲಿ ಬಿಟ್ಟುಹೋದ ಇನ್ನೊಂದು ಗುರುತು ಜಿ6ಪಿಡಿ ಎಂಬ ಕಿಣ್ವದ ಕೊರತೆ. ಇದರ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಗಂಡಸರಲ್ಲಿ ಕೊರತೆ ಪೂರ್ತಿಯಾಗಿ ಕಾಣುತ್ತದೆ, ಹೆಂಗಸರಲ್ಲಿ ಹಲವು ಮಟ್ಟಗಳಲ್ಲಿರುತ್ತದೆ. ಕೊರತೆಯಿರುವವರು ದಿನನಿತ್ಯ ಸುಖವಾಗಿಯೇ ಇರುತ್ತಾರೆ. ಕೆಲವು ಔಷಧಗಳು, ಮನೆಯ ನುಸಿಗುಳಿಗೆಯಂಥ ಕೆಲವು ವಸ್ತುಗಳು ದೇಹ ಸೇರಿದಾಗ ಮಾತ್ರ ಅವರ ಕೆಂಪುಕಣಗಳು ಒಡೆಯತೊಡಗುತ್ತವೆ. ಆ ಔಷಧಗಳಲ್ಲಿ ಮುಖ್ಯವಾದದ್ದು ಪ್ರೈಮಾಕ್ವಿನ್. ವೈವ್ಯಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಎದ್ದು ಬರುವುದನ್ನು ತಡೆಯಲು ನಾವು 14 ದಿನ ಕೊಡುವುದು ಅದನ್ನೇ. ಮಲೇರಿಯಾದಿಂದ ಕಾಯಲು ಬಂದ ಬದಲಾವಣೆ ಮಲೇರಿಯಾದ ಔಷಧಕ್ಕೇ ಹೆದರಬೇಕಾಗಿ ಬಂದಿರುವುದು ವಿಚಿತ್ರ, ಆದರೆ ಈ ಕೊರತೆ ಜಗತ್ತಿಗೆ ತಿಳಿದದ್ದೇ ಹಾಗೆ: ಷಿಕಾಗೋದ ಸಂಶೋಧಕರು ಪ್ರೈಮಾಕ್ವಿನ್ ಕೊಟ್ಟ ಕೆಲವರಲ್ಲಿ ಮಾತ್ರ ರಕ್ತ ಒಡೆಯುವುದೇಕೆಂದು ಹುಡುಕುತ್ತ 1956ರಲ್ಲಿ ಇದನ್ನು ಗುರುತಿಸಿದರು.

ಇತ್ತೀಚಿನ ದಶಕಗಳಲ್ಲಿ ನಮ್ಮ ರಾಜ್ಯದಲ್ಲಿ ಮಲೇರಿಯಾ ಹೆಚ್ಚು ಕಾಡಿದ್ದು ಮಂಗಳೂರನ್ನು. 1990ರ ದಶಕದಿಂದ ಏರುತ್ತಹೋದ ಬಹುಮಹಡಿ ಕಟ್ಟಡಗಳ ತೊಟ್ಟಿಗಳಲ್ಲಿ, ತಾರಸಿಗೆ ನಿಲ್ಲಿಸಿದ ನೀರಿನಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಮೊಟ್ಟೆಯಿಟ್ಟಿತು. ಜ್ವರದಲ್ಲಿ ನರಳಿದವರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದಿಂದ, ಒಡಿಶಾ, ಜಾರ್ಖಂಡ್, ಬಂಗಾಳಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು. ಭಾರತದಲ್ಲಿ ಕಾಣುವ ಜಿ6ಪಿಡಿ ಕೊರತೆಯ ರೂಪಗಳಲ್ಲಿ ಒಂದಕ್ಕೆ ಒಡಿಶಾದ ಹೆಸರೇ ಇದೆ, ಇನ್ನೊಂದಕ್ಕೆ ಕೇರಳ-ಕಲ್ಯಾಣದ ಹೆಸರಿದೆ. ಕೊರತೆಯಿರುವವರಿಗೆ ದಿನವಹಿ ಪ್ರೈಮಾಕ್ವಿನ್ ಕೊಡಬಾರದೆಂದು ರಾಷ್ಟ್ರೀಯ ಔಷಧ ನೀತಿಯೇ ಹೇಳುತ್ತದೆ. ಪರೀಕ್ಷೆಯ ಸೌಲಭ್ಯವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ಪಾಲಿಸುವುದು ಹೇಗೆ? ಅಲ್ಲಿನ ವೈದ್ಯರಿಗೆ ಉಳಿಯುವುದು ಎರಡೇ ದಾರಿ: ನಂಬಿ ಕೊಡುವುದು, ಅಥವಾ ಅಂಜಿ ಕೊಡದಿರುವುದು. ಕೊಟ್ಟು ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಕೂಲಿಕಾರ ಮೂರನೆಯ ದಿನಕ್ಕೆ ಮಾತ್ರೆ ಎಸೆದು ಊರಿನ ರೈಲು ಹತ್ತುತ್ತಾನೆ. ಕೊಡದಿದ್ದರೆ ಯಕೃತ್ತಿನಲ್ಲಿ ಅಡಗಿದ್ದು ಅವನ ಜೊತೆ ಪ್ರಯಾಣ ಮಾಡುತ್ತದೆ.

ಕೊರತೆ ಇದೆಯೆಂದು ತಿಳಿದರೆ ದಾರಿಯಿದೆ: ವೈದ್ಯರ ನಿಗಾದಲ್ಲಿ ವಾರಕ್ಕೊಮ್ಮೆಯಂತೆ ಎಂಟು ವಾರ ಪ್ರೈಮಾಕ್ವಿನ್ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಒಂದೇ ಸಲ ನುಂಗಿದರೆ ಸಾಕಾಗುವ ಟಾಫೆನೊಕ್ವಿನ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ 2018ರಲ್ಲಿಯೇ ಅನುಮತಿ ಸಿಕ್ಕಿದೆ. ಆದರೆ ಕಿಣ್ವದ ಮಟ್ಟವನ್ನು ಅಳೆಯದೆ ಅದನ್ನು ಕೊಡುವಂತೆಯೇ ಇಲ್ಲ, ಏಕೆಂದರೆ ಅದು ದೇಹದಲ್ಲಿ ಹಲವು ವಾರ ಉಳಿಯುತ್ತದೆ, ಅಪಾಯ ಕಂಡಾಗ ಹಿಂದೆಗೆಯಲಾಗದು. ಬೆರಳ ತುದಿಯ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಕಿಣ್ವದ ಮಟ್ಟ ಹೇಳುವ ಕೈಯಲ್ಲಿ ಹಿಡಿಯುವ ಉಪಕರಣಗಳು ಈಗ ಬಂದಿವೆ. ಕುಡುಗೋಲು ಕಣದ ತಪಾಸಣೆಗೆ ಹೇಗೂ ಬೆರಳು ಚುಚ್ಚುತ್ತೀರಿ. ಅದೇ ಚುಚ್ಚಿನ ಇನ್ನೊಂದು ಹನಿಯಲ್ಲಿ ಜಿ6ಪಿಡಿಯನ್ನೂ ನೋಡಿ, ಫಲಿತಾಂಶವನ್ನು ಅದೇ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟರೆ, ಮುಂದೆ ಆ ವ್ಯಕ್ತಿಗೆ ಎಲ್ಲಿ ಜ್ವರ ಬಂದರೂ ವೈದ್ಯರಿಗೆ ಒಂದು ಆಧಾರ ಸಿಗುತ್ತದೆ. ಆಗ ಆ ಕಾರ್ಡು ಮದುವೆಯ ಮಾತುಕತೆಯಲ್ಲಿ ಮಾತ್ರ ಹೊರಬರುವ ಕಾಗದವಾಗದೆ, ಅದನ್ನು ಪಡೆದವರ ಕೆಲಸಕ್ಕೆ ಬರುವ ಕಾಗದವಾಗುತ್ತದೆ. ಮೂರು ಜಿಲ್ಲೆಗಳ ಹಾಡಿಗಳಲ್ಲಿಯೂ ಮಂಗಳೂರಿನ ಒಂದೆರಡು ನಗರ ಆರೋಗ್ಯ ಕೇಂದ್ರಗಳಲ್ಲಿಯೂ ಇದನ್ನು ಒಂದು ವರ್ಷ ಪ್ರಾಯೋಗಿಕವಾಗಿ ಮಾಡಿ ನೋಡಿ.

ಆ ತಾಯಿಗೆ ನಾನು ಅಂದು ಕೊಟ್ಟ ಉತ್ತರವನ್ನೂ ಹೇಳಿಬಿಡುತ್ತೇನೆ. ಮಗಳಿಂದ ತಮ್ಮನಿಗೆ ಏನೂ ಹಚ್ಚುವುದಿಲ್ಲ, ಪಕ್ಕದಲ್ಲೇ ಮಲಗಲಿ, ಇಬ್ಬರ ಮೇಲೂ ಪರದೆ ಇರಲಿ ಎಂದೆ. ಪರದೆ ಹರಿದಿದೆ, ಹೊಸದು ಯಾವಾಗ ಕೊಡುತ್ತಾರೆ ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ಹಾಗೆಯೇ ನಿಮಗೆ ದಾಟಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ,
ಮೈಸೂರು ಜಿಲ್ಲೆ